ಗಾಳದ ಕೋಲಿನ ಹೊಟ್ಟೆಯಲ್ಲಿ ಏನಿತ್ತು

ಆ ಭಾನುವಾರದ ಬೆಳಗೂ ಬೇರೆಲ್ಲ ಬೆಳಗಿನ ಹಾಗೆಯೇ ಶುರುವಾಯಿತು. ಆರು ಗಂಟೆಗೆ ಗಣಿಯ ಸಂಗು ಕೂಗಿತು. ಸೈರನ್ನನ್ನು ನಮ್ಮ ಕೋರಮಂಡಲ್‌ನಲ್ಲಿ ಎಲ್ಲರೂ ಸಂಗು ಎಂದೇ ಕರೆಯುತ್ತಿದ್ದದ್ದು. ನಾನು ಒಲೆಯ ಬೂದಿ ಬಳಿದು, ಇದ್ದಿಲು ತುಂಬಿ, ಹಿಂದಿನ ರಾತ್ರಿ ಉಳಿದಿದ್ದ ಹಾಲಿನಲ್ಲಿ ಎರಡು ಲೋಟ ಕಾಫಿ ಮಾಡಿದೆ. ಮುನಿಯಮ್ಮ ಇನ್ನೂ ಹಾಲು ತಂದಿರಲಿಲ್ಲ. ಅವಳು ತಡ ಮಾಡುವವಳಲ್ಲ. ಆದರೆ ಅದನ್ನು ಯೋಚಿಸುವ ಪುರುಸೊತ್ತು ಅವತ್ತು ನನಗಿರಲಿಲ್ಲ. ಅಪ್ಪನನ್ನು ಎಬ್ಬಿಸಿ, ಮುಖ ತೊಳೆಸಿ, ಅಂಗಿ ತೊಡಿಸಿದೆ. ಬಲವಿಲ್ಲದ ಬಲಗೈಯನ್ನು ಮೊದಲು ತೋಳಿಗೆ ತೂರಿಸಬೇಕು, ಎಡಗೈ ಆಮೇಲೆ. ಇದನ್ನು ಕಲಿಯಲು ನನಗೆ ಒಂದು ತಿಂಗಳು ಹಿಡಿದಿತ್ತು. ಆಮೇಲೆ ಇಡ್ಲಿಯನ್ನು ಚೂರು ಮಾಡಿ ಬಾಯಿಗಿಟ್ಟೆ. ಅಪ್ಪ ಗೋಡೆ ನೋಡುತ್ತ ಅಗಿದ.

ಅಪ್ಪ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತನಾಗಿದ್ದವನು. ನಿವೃತ್ತಿಯಾದ ಮರುವರ್ಷವೇ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತು ಅರ್ಧ ತೊದಲಾಯಿತು. ಅಮ್ಮ ಮೊದಲೇ ಇರಲಿಲ್ಲವಾದ್ದರಿಂದ ಕರೆದುಕೊಂಡು ಬಂದು ನಮ್ಮ ಮನೆಯಲ್ಲಿಟ್ಟುಕೊಂಡೆವು. ಎಡಗೈ ಚೆನ್ನಾಗಿಯೇ ಇತ್ತು. ಆದರೆ ಅದನ್ನು ಆತ ಬಳಸುತ್ತಿರಲಿಲ್ಲ. ಚಿಕ್ಕವಳಿದ್ದಾಗ ಪ್ರಸಾದಕ್ಕೆ ಎಡಗೈ ಚಾಚಿದ್ದಕ್ಕೆ ನನ್ನ ಬೆನ್ನಿಗೆ ಏಟು ಕೊಟ್ಟಿದ್ದ ಮನುಷ್ಯ! ಎಡಗೈಯಲ್ಲಿ ತಿನ್ನುವುದೇ? ಎಡಗೈಯಲ್ಲಿ ಬರೆಯುವುದೇ? ನಾಲ್ಕು ತಿಂಗಳಿಂದ ಎರಡೂ ಕೈಗಳನ್ನು ಶಾಲಿನೊಳಗಿಟ್ಟುಕೊಂಡು ಜಗಲಿಯ ಕುರ್ಚಿಯಲ್ಲಿ ಕೂತಿದ್ದ. ಒಳ್ಳೆಯ ಕೈಯೂ ಸತ್ತ ಕೈಯ ಜೊತೆ ಸಹಗಮನಕ್ಕೆ ಹೊರಟ ಹಾಗೆ.

ಆ ಎಡಗೈಯನ್ನು ಶಾಲಿನಿಂದ ಹೊರಗೆ ತರಬಹುದಾದ ಒಂದೇ ವಸ್ತು ನನಗೆ ಗೊತ್ತಿದ್ದದ್ದು ಗಾಳದ ಕೋಲು. ಬೂದಿಕೋಟೆ ರಸ್ತೆಯ ಕೆರೆಯೊಂದರ ದಂಡೆಯಲ್ಲಿ ಅಪ್ಪ ಎಷ್ಟು ಭಾನುವಾರಗಳನ್ನು ಕಳೆದಿದ್ದನೋ ಲೆಕ್ಕವಿಲ್ಲ. ಹಾಗಾಗಿ ಎಡಗೈಯಲ್ಲಿ ಹಿಡಿಯುವಂಥ ಹಗುರವಾದ ಕೋಲೊಂದನ್ನು ನಾನೇ ಕಟ್ಟಿದ್ದೆ. ಅವತ್ತು ಅದರ ಮೊದಲ ದಿನ.

ಏಳಕ್ಕೆ ಜಟಕಾ ಬಂತು. ಹೊಸಲು ದಾಟುವಾಗ ಕೋಲನ್ನು ಅಪ್ಪನ ಎಡಗೈಗೆ ಕೊಟ್ಟೆ. ಬೇಡವೆನ್ನುತ್ತಾನೇನೋ ಎಂದುಕೊಂಡೆ. ಹಿಡಿದುಕೊಂಡ. ಒಂದು ಸಲ ಮೆಲ್ಲಗೆ ಎತ್ತಿ ಇಳಿಸಿದ.

"ಅಗುರ," ಎಂದ, ನನ್ನ ಕಡೆ ನೋಡದೆ.

ಗಣಿಯ ವರ್ಕ್‌ಷಾಪಿನಲ್ಲಿ ಫಿಟ್ಟರ್ ಆಗಿದ್ದ ನಮ್ಮವರು ಹಿಂದೆ ನಿಂತು ಕಣ್ಣು ಮಿಟುಕಿಸಿದರು. "ಮಾವ, ಕೋಲು ಅಗುರ ಅಲ್ಲ, ನಿಮ್ಮ ಕೈಗೆ ಬಲ ಬಂದೈತೆ," ಎಂದರು.

ಅದು ಯಾಕೆ ಹಗುರವೆಂದು ಭೂಮಿಯ ಮೇಲೆ ಗೊತ್ತಿದ್ದದ್ದು ನನ್ನೊಬ್ಬಳಿಗೇ. ಅವರಿಬ್ಬರೂ ಕೂತ ಜಟಕಾ ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತು ಹಿಗ್ಗಿದೆ. ಆ ಹಿಗ್ಗಿಗೆ ಆಯಸ್ಸು ಅರ್ಧ ಗಂಟೆ.

ಆ ಅರ್ಧ ಗಂಟೆಯಲ್ಲಿ ನಾನು ಈ ಹುಚ್ಚಿಗೆ ಬಿದ್ದದ್ದು ಹೇಗೆಂದು ಹೇಳಿಬಿಡುತ್ತೇನೆ. ಗಣಿಯ ಬಿಳಿ ದೊರೆಗಳು ಒಬ್ಬೊಬ್ಬರಾಗಿ ಊರು ಬಿಡುತ್ತಿದ್ದ ಕಾಲ ಅದು. ಬಂಗಲೆಗಳ ಮುಂದೆ ಕುರ್ಚಿ, ಕನ್ನಡಿ, ಪಿಂಗಾಣಿ ಎಲ್ಲ ಹರಾಜಿಗೆ ಬೀಳುತ್ತಿದ್ದವು. ಅಂಥ ಒಂದು ಹರಾಜಿನಿಂದ ನಮ್ಮವರು ತುದಿ ಮುರಿದ ಗಾಳದ ಕೋಲೊಂದನ್ನು ತಂದರು. ಅವರಿಗೆ ಬೇಕಿದ್ದದ್ದು ಅದರ ಹಿತ್ತಾಳೆಯ ರೀಲು. ಕೋಲನ್ನು ನನ್ನ ಕಡೆ ಎಸೆದು, "ಬಟ್ಟೆ ಒಣಗಾಕೋಕೆ ಇಟ್ಕೊ," ಎಂದರು.

ನನ್ನ ಕಣ್ಣು ಬಿದ್ದದ್ದು ಅದರ ಮೇಲಿನ ರೇಷ್ಮೆ ದಾರದ ಸುತ್ತುಗಳ ಮೇಲೆ. ಗಾಳದ ದಾರ ಹಾಯುವ ಲೋಹದ ಪುಟ್ಟ ಬಳೆಗಳನ್ನು ಕೋಲಿಗೆ ಕೂರಿಸಿ, ಹಸಿರು ದಾರವನ್ನು ಎಳೆ ಪಕ್ಕ ಎಳೆ ಹಾಸಿದ್ದರು. ಎಲ್ಲಿ ಶುರು, ಎಲ್ಲಿ ಕೊನೆ, ಕಾಣದು. ಗಂಟೇ ಇಲ್ಲ. ಬಂಗಾರಪೇಟೆಯಿಂದ ರೈಲಿನಲ್ಲಿ ನಾನು ಓದಲು ಬರುತ್ತಿದ್ದ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್, ಕಸೂತಿಯನ್ನು ಮೊದಲು ಮಗುಚಿಯೇ ನೋಡುತ್ತಿದ್ದರು. ಹಿಂಬದಿಯಲ್ಲಿ ಒಂದು ಗಂಟು ಕಂಡರೆ ಇಡೀ ಹೂವನ್ನು ಬಿಚ್ಚಿಸುತ್ತಿದ್ದರು. "ದಾರ ತನ್ನನ್ನು ತಾನೇ ಹಿಡಿದುಕೊಳ್ಳಬೇಕು" ಎನ್ನುವುದು ಅವರ ಮಾತು. ಈ ಕೋಲು ಕಟ್ಟಿದ ಯಾವನೋ ಮೀಸೆಯ ಗಂಡಸು ನಮ್ಮ ಸಿಸ್ಟರ್ ಕೈಯಲ್ಲಿ ನೂರಕ್ಕೆ ನೂರು ತೆಗೆದುಕೊಳ್ಳುತ್ತಿದ್ದ. ನನಗೆ ಹೊಟ್ಟೆಕಿಚ್ಚಾಯಿತು. ಸೂಜಿ ತೆಗೆದುಕೊಂಡು ಕೂತು ಎರಡು ಮಧ್ಯಾಹ್ನ ಒಂದೊಂದೇ ಸುತ್ತನ್ನು ಬಿಚ್ಚಿ ಗುಟ್ಟು ಕಂಡುಹಿಡಿದೆ. ಕೊನೆಯ ಏಳೆಂಟು ಸುತ್ತುಗಳ ಕೆಳಗೆ ಬೇರೆ ದಾರದ ಕುಣಿಕೆಯೊಂದನ್ನು ಮಲಗಿಸಿರಬೇಕು. ಸುತ್ತಿ ಮುಗಿದ ಮೇಲೆ ದಾರದ ತುದಿಯನ್ನು ಆ ಕುಣಿಕೆಗೆ ಪೋಣಿಸಿ, ಕುಣಿಕೆಯನ್ನೇ ಎಳೆದುಬಿಟ್ಟರೆ ತುದಿ ಸುತ್ತುಗಳ ಅಡಿಗೆ ಹೋಗಿ ಅಡಗುತ್ತದೆ. ಅಷ್ಟೇ!

ಅಷ್ಟೇ ಎಂದೆ, ಆದರೆ ಹಾಗೆ ನಾನೇ ಕಟ್ಟಿದ ಮೊದಲ ಕೋಲು ನೋಡಿದವರು ನಗದೆ ಹೋಗಲಿಲ್ಲ. ಬಿದಿರು ಕೊಳ್ಳಲು ಬಂಗಾರಪೇಟೆ ಸಂತೆಗೆ ಹೋದಾಗ, ಬುಟ್ಟಿ ಹೆಣೆಯುವ ಮೇದರ ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಮಾಸೇಲಿ ಕಡಿದದ್ದು ಬೇಕಾ, ಉಣ್ಣಿಮೇಲಿ ಕಡಿದದ್ದು ಬೇಕಾ?" ಎಂದು ಕೇಳಿದಳು. ನಾನು ಜಾಣೆಯ ಹಾಗೆ ಹುಣ್ಣಿಮೆಯದು ಎಂದೆ. ಬೆಳದಿಂಗಳಿನದು ಚೆನ್ನಾಗಿರಬಹುದಲ್ಲ! ಮೂರೇ ವಾರದಲ್ಲಿ ಕೋಲಿನ ಮೈತುಂಬ ಹುಳದ ತೂತು, ಕೆಳಗೆ ಹಿಟ್ಟಿನ ರಾಶಿ. ಅಮಾವಾಸ್ಯೆಯಲ್ಲಿ ಕಡಿದ ಬಿದಿರಿಗೆ ಹುಳ ಬೀಳುವುದಿಲ್ಲವಂತೆ. ಎರಡನೆಯ ಸಲ ಅಜ್ಜಿ ಕೇಳಲೂ ಇಲ್ಲ, ನಕ್ಕು ತಾನೇ ಆರಿಸಿಕೊಟ್ಟಳು. ಕೋಲನ್ನು ನೆಲದ ಮೇಲೆ ಉರುಳಿಸಿ ಅದರ ಬೆನ್ನು ಯಾವುದೆಂದು ನೋಡುವುದನ್ನೂ ಅವಳೇ ಕಲಿಸಿದಳು. ಪ್ರತಿ ಬಿದಿರಿಗೂ ಬಾಗುವುದಕ್ಕೆ ತನಗೆ ಇಷ್ಟವಾದ ಒಂದು ದಿಕ್ಕು ಇರುತ್ತದೆ. ಅದಕ್ಕೆ ವಿರುದ್ಧವಾಗಿ ಕಟ್ಟಿದರೆ ಕೈಯಲ್ಲಿ ತಿರುಚಿಕೊಳ್ಳುತ್ತದೆ. ಇವತ್ತಿಗೂ ಕೊಡೆಯಾಗಲಿ ಲಟ್ಟಣಿಗೆಯಾಗಲಿ, ಕೈಗೆ ಬಂದದ್ದನ್ನು ಮೇಜಿನ ಮೇಲೆ ಒಂದು ಸಲ ಉರುಳಿಸದೆ ನನಗೆ ಸಮಾಧಾನವಿಲ್ಲ. ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ.

ಬಳೆಗಳಿಗೆ ಸೇಫ್ಟಿ ಪಿನ್ನು ಸಾಕಾಯಿತು. ಅದರ ಬಾಲದಲ್ಲಿ ತಂತಿಯ ಸುರುಳಿಯೊಂದು ಇರುತ್ತದಲ್ಲ, ಅದರೊಳಗೆ ಗಾಳದ ದಾರ ಸಲೀಸಾಗಿ ಹಾಯುತ್ತದೆ. ಕಷ್ಟವಾದದ್ದು ವಾರ್ನಿಷ್. ಬಳಿದು ಹಿತ್ತಲಲ್ಲಿ ಒಣಗಿಸಿದೆ. ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದಿತು. ಚಿನ್ನ ತೆಗೆದು ಚೆಲ್ಲಿದ ಆ ಬಿಳಿ ಹುಡಿಯ ಬೆಟ್ಟಗಳು ನಮ್ಮ ಊರಿನವರ ಅನ್ನದ ತಟ್ಟೆಯನ್ನೇ ಬಿಡದವು, ಹಸಿ ವಾರ್ನಿಷನ್ನು ಬಿಡುತ್ತವೆಯೇ? ಸಂಜೆ ನೋಡಿದರೆ ರವೆಯಲ್ಲಿ ಹೊರಳಿಸಿದ ಹಾಗಿತ್ತು. ಮುಂದಿನದನ್ನು ಒಳಕೋಣೆಯಲ್ಲಿ, ಕಿಟಕಿಗೆ ಒದ್ದೆ ಸೀರೆ ಕಟ್ಟಿ, ಮೊಳೆಗೆ ನೇತುಹಾಕಿದೆ. ಸಂಜೆಯ ಹೊತ್ತಿಗೆ ನೆಲದಡಿಯಲ್ಲಿ ಸಿಡಿಮದ್ದು ಹಾರಿಸಿದರು. ಪಾತ್ರೆಗಳು ಗಲಗಲ ಎಂದವು, ಕೋಲು ಹೋಗಿ ಸುಣ್ಣದ ಗೋಡೆಗೆ ಅಂಟಿಕೊಂಡಿತು.

ಅಪ್ಪನಿಗೆ ಕಟ್ಟಿದ್ದು ನಾಲ್ಕನೆಯ ಕೋಲು. ಅಷ್ಟು ಹೊತ್ತಿಗೆ ಕೈ ಪಳಗಿತ್ತು. ಆದರೆ ಎಷ್ಟು ಸಣ್ಣ ಬಿದಿರು ಆರಿಸಿದರೂ ಕೋಲಿನ ಮುಂದುಗಡೆ ಭಾರ ಉಳಿಯುತ್ತಿತ್ತು. ಅದನ್ನು ಎತ್ತಿ ಹಿಡಿಯಲು ಮಣಿಕಟ್ಟಿನಲ್ಲಿ ಬಲ ಬೇಕು. ಅಪ್ಪನ ಎಡಗೈಗೆ ಅಭ್ಯಾಸವಿಲ್ಲ. ಮೊದಲ ದಿನವೇ ಕೋಲಿನ ತುದಿ ನೀರಿಗೆ ಬಿದ್ದರೆ ಆತ ಇನ್ನೊಮ್ಮೆ ಮುಟ್ಟುವುದಿಲ್ಲ, ನನಗೆ ಗೊತ್ತು. ಯೋಚಿಸಿ ಯೋಚಿಸಿ ಹಿಂಬದಿಗೆ ಭಾರ ಕೊಟ್ಟೆ. ಬುಡದ ಪೊಳ್ಳಿನೊಳಗೆ ಸೀಸ ತುಂಬಿದೆ.

ಸೀಸ ಎಲ್ಲಿತ್ತೆಂದರೆ, ನನ್ನ ಬಾಲ್ಯದ ಬಿಸ್ಕತ್ತಿನ ಡಬ್ಬಿಯಲ್ಲಿ. ಗೂಡ್ಸ್ ವ್ಯಾಗನ್ನಿನ ಬಾಗಿಲಿಗೆ ತಂತಿ ಹಾಕಿ, ಸೀಸದ ಬಿಲ್ಲೆ ಸಿಕ್ಕಿಸಿ, ಇಕ್ಕಳದಿಂದ ಒತ್ತಿ ನಿಲ್ದಾಣದ ಅಕ್ಷರಗಳ ಮುದ್ರೆ ಹಾಕುವುದು ಅಪ್ಪನ ಕೆಲಸವಾಗಿತ್ತು. ಒತ್ತುವಾಗ ಕೆಟ್ಟುಹೋದ ಬಿಲ್ಲೆಗಳನ್ನು ಜೇಬಿನಲ್ಲಿ ತಂದುಕೊಡುತ್ತಿದ್ದ. ಅವೇ ನನಗೆ ಆಟದ ಕಾಸು, ಅವೇ ಪೆನ್ಸಿಲ್ಲು. ಸೀಸದಿಂದ ಕಾಗದದ ಮೇಲೆ ಬೂದು ಗೆರೆ ಎಳೆಯಬಹುದು. ಹದಿನಾಲ್ಕು ಬಿಲ್ಲೆಗಳನ್ನು ಪೊಳ್ಳಿಗೆ ಹಿಡಿಯುವಂತೆ ಒನಕೆಯಿಂದ ಬಡಿದು ಸುರುಳಿ ಮಾಡಿ, ಅಲುಗಾಡದಂತೆ ಹತ್ತಿ ಗಿಡಿದು, ಬುಡಕ್ಕೆ ಕೆಂಪು ಅರಗು ಸುರಿದು ಮುಚ್ಚಿದೆ. ಅರಗು ಬಿಸಿಯಿದ್ದಾಗ ಚೆಂದಕ್ಕೆಂದು ಹೊಲಿಯುವಾಗ ಬೆರಳಿಗೆ ಹಾಕುವ ಅಂಗುಸ್ತಾನವನ್ನು ಒತ್ತಿ ಚುಕ್ಕಿ ಚುಕ್ಕಿ ಮೂಡಿಸಿದೆ. ಯಾರಿಗೂ ಹೇಳಲಿಲ್ಲ. ಕೋಲು ಹಗುರವಾಗಿರುವುದು ತನ್ನ ಕೈಯ ಬಲದಿಂದಲೇ ಎಂದು ಅಪ್ಪ ನಂಬಬೇಕಿತ್ತು.

ಕೋಲಾರದ ಚಿನ್ನದ ಗಣಿಯ ಊರನ್ನು ಅಲ್ಲೇ ಹುಟ್ಟಿ ಬೆಳೆದವಳಷ್ಟೇ ಬಲ್ಲವಳು ನಾನು. ಆದರೂ ನಾನು ಮಾಡಿದ್ದೇನೆಂದು ಹೊಳೆದದ್ದು ಏಳೂವರೆಗೆ, ಮುನಿಯಮ್ಮ ಹಾಲಿನ ಕ್ಯಾನನ್ನು ಜಗಲಿಯ ಮೇಲೆ ಕುಕ್ಕಿದಾಗ.

"ಏನ್ ಮಾಡ್ಲಿ ಅಮ್ಮಯ್ಯ, ಆ ನಾಕಾ ಕಟ್ಟೆತಾವ ಕಾವಲ್ನೋರು ಒಂದ್ ಗಂಟೆ ನಿಲ್ಸವ್ರೆ! ಮಿಲ್ಲಲ್ಲಿ ಚಿನ್ನ ಕಳವಾಗೈತಂತೆ. ಆಲಿಗೇ ಕೋಲಾಕಿ ಕಲಕುದ್ರು. ಎಮ್ಮೆ ಏನ್ ಚಿನ್ನ ಕರೀತದಾ?"

"ಎಲ್ಲರನ್ನೂ ನೋಡ್ತಿದಾರಾ?"

"ಎಲ್ರನ್ನೂವೆ. ನಮ್ಮೂರ್ ತಾತನ ಊರ್ಗೋಲ್ನ ನಿನ್ನೆ ಸಂಜೆ ಎಲ್ಡು ಸೀಳ್ ಮಾಡಾಕವ್ರೆ. ಬಿದ್ರುದ್ದು ನೋಡಿ, ಒಳಗ್ ಪೊಳ್ಳು ಅಂತ. ಪಾಪ, ಮುದ್ಕ ಕುಂಟ್ಕಂಡೇ ಮನೀಗ್ ಬಂದ."

ನನ್ನ ಕೈಯಲ್ಲಿದ್ದ ಪಾತ್ರೆ ಓರೆಯಾಗಿ ಹಾಲು ಕಾಲಮೇಲೆ ಹೋಯಿತು. ಬಿದಿರಿನ ಕೋಲು. ಪೊಳ್ಳು. ಹಿಂಬದಿ ಭಾರ. ಬುಡಕ್ಕೆ ಹೊಸ ಅರಗು, ಅದರ ಮೇಲೆ ಸರ್ಕಾರಿ ಮುದ್ರೆಯ ಹಾಗೆ ಚುಕ್ಕಿಗಳು. ಒಳಗೇನಿದೆ ಎಂದು ಕೇಳಿದರೆ ನಮ್ಮವರು ಎದೆ ಮುಟ್ಟಿಕೊಂಡು ಏನೂ ಇಲ್ಲ ಎನ್ನುತ್ತಾರೆ. ಅವರಿಗೆ ಗೊತ್ತಿಲ್ಲವಲ್ಲ! ಚಿನ್ನದ ವಿಷಯದಲ್ಲಿ ಅನುಮಾನ ಬಂದವನ ಕೆಲಸ ಹೋಗುತ್ತದೆ, ಕೆಲಸದ ಜೊತೆ ಗಣಿ ಕೊಟ್ಟ ಮನೆಯೂ ಹೋಗುತ್ತದೆ. ಅನುಮಾನ ಬರದಿದ್ದರೂ ಕೋಲನ್ನು ಸೀಳುತ್ತಾರೆ, ಅಪ್ಪನ ಕಣ್ಣೆದುರೇ. ನಾಲ್ಕು ತಿಂಗಳಿಗೆ ಶಾಲಿನಿಂದ ಹೊರಬಂದ ಕೈ ಆಮೇಲೆ ಎಂದಿಗೂ ಹೊರಗೆ ಬರುವುದಿಲ್ಲ.

ಹಾಲನ್ನು ಒಳಗಿಟ್ಟು ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಮದುವೆಯಾದ ಮೇಲೆ ನಾನು ಬೀದಿಯಲ್ಲಿ ಓಡಿದ್ದು ಅದೊಂದೇ ದಿನ. ಎದುರುಮನೆಯ ತಾಯಾರಮ್ಮ ನೀರಿನ ಕೊಡ ಇಳಿಸಿ, "ಎನ್ನಮ್ಮಾ ಸರೋಜಾ, ಏನಾಯ್ತು?" ಎಂದು ಕೂಗಿದ್ದು ಕೇಳಿಸಿತು. ಬೀಗದ ಕೈಗಳು ಹೆಜ್ಜೆಗೊಮ್ಮೆ ಝಲ್ ಝಲ್ ಎನ್ನುತ್ತಿದ್ದವು. ಸರದಿಯಲ್ಲಿ ಮುಂದೆ ಇನ್ನೂ ಹತ್ತು ಜನ ಇರಲಿ ದೇವರೇ ಎಂದುಕೊಂಡೆ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ಪ್ರಾರ್ಥನೆಯೊಂದು ತಾನಾಗಿ ಬಾಯಿಗೆ ಬಂತು, ಅರ್ಧಕ್ಕೆ ಮರೆತೂ ಹೋಯಿತು. ಉಳಿದರ್ಧಕ್ಕೆ ಕೋಲಾರಮ್ಮನನ್ನು ಕರೆದೆ.

ತಪಾಸಣೆಯ ನಾಕಾ ಕಟ್ಟೆಯಲ್ಲಿ ಜಟಕಾ ನಿಂತಿತ್ತು. ಅಪ್ಪ ಅದರೊಳಗೇ ಕೂತಿದ್ದ, ಎರಡೂ ಕೈ ಶಾಲಿನೊಳಗೆ. ನಮ್ಮವರು ಕೆಳಗೆ ನಿಂತಿದ್ದರು. ಕೋಲು ಮೇಜಿನ ಮೇಲಿತ್ತು. ಕಾವಲಿನ ದಫೇದಾರ ಅದರ ಕೆಳಗೆ ಒಂದು ಬೆರಳು ಕೊಟ್ಟು, ತಕ್ಕಡಿಯ ಹಾಗೆ ತೂಗಿ ನೋಡುತ್ತಿದ್ದ.

"ಏನೂ ಇಲ್ಲ ಅಂತೀಯ. ಬುಡ ಯಾಕಪ್ಪ ಇಷ್ಟು ಭಾರ?"

"ಬಿದಿರೇ ಅಂಗೈತೆ ಸಾರ್."

"ಬಿದಿರಿಗೆ ಅರಗು ಯಾರು ಹಾಕಿದ್ರು, ದೇವ್ರಾ?" ದಫೇದಾರ ಮಚ್ಚು ಎತ್ತಿಕೊಂಡ.

"ಸೀಳಬೇಡಿ!" ಎಂದೆ. "ಅದನ್ನು ಕಟ್ಟಿದ್ದು ನಾನು. ಒಳಗೆ ಸೀಸ ಇದೆ. ಅವರಿಗೆ ಗೊತ್ತಿಲ್ಲ. ನಾನೇ ತೆಗೆದು ತೋರಿಸ್ತೀನಿ."

ನಮ್ಮವರು ನನ್ನನ್ನು ನೋಡಿದ ನೋಟವನ್ನು ಇನ್ನೂ ಮರೆತಿಲ್ಲ. ಅಪ್ಪನ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ದಫೇದಾರನ ಬೆಂಕಿಪೊಟ್ಟಣ ಕೇಳಿ ಪಡೆದು, ಕಡ್ಡಿ ಗೀರಿ ಅರಗನ್ನು ಮೆತ್ತಗೆ ಮಾಡಿ, ಮುಡಿಯ ಪಿನ್ನಿನಿಂದ ಕೆದಕಿದೆ. ಮೂರು ಕಡ್ಡಿ ಹಾಳಾದವು. ಹತ್ತಿ ಬಂತು. ಆಮೇಲೆ ಬೂದು ಸುರುಳಿಗಳು ಒಂದೊಂದಾಗಿ ಮೇಜಿನ ಮೇಲೆ ಬಿದ್ದವು. ಸುತ್ತ ಸೇರಿದ್ದ ಜನ ಒಂದು ಹೆಜ್ಜೆ ಮುಂದೆ ಬಂದರು.

"ಪಾದರಸ ಹಿಡಿದ ಚಿನ್ನಾನೂ ಹಿಂಗೇ ಇರ್ತದಮ್ಮ," ಎಂದ ದಫೇದಾರ, ಗಟ್ಟಿಯಾಗಿ ಅಲ್ಲ. "ಬಿಳಿ, ಮೆತ್ತಗೆ. ಇಪ್ಪತ್ತು ವರ್ಷದಿಂದ ನೋಡ್ತಿದೀನಿ."

"ಇವು ರೈಲ್ವೆಯ ಸೀಲು. ನಮ್ಮಪ್ಪ ಬಂಗಾರಪೇಟೆ ಗೂಡ್ಸ್ ಆಫೀಸಲ್ಲಿದ್ದರು. ಅಕ್ಷರ ಇವೆ ನೋಡಿ."

ಅಕ್ಷರ ಎಲ್ಲಿದ್ದವು? ಒನಕೆಯಲ್ಲಿ ಬಡಿದಿದ್ದೆನಲ್ಲ, ಎಲ್ಲ ಅಳಿಸಿಹೋಗಿದ್ದವು. ಒಂದೊಂದನ್ನೇ ಬಿಡಿಸಿ ಬೆಳಕಿಗೆ ಹಿಡಿದೆ. ಹನ್ನೊಂದನೆಯದರಲ್ಲಿ ಮೂರು ಇಂಗ್ಲಿಷ್ ಅಕ್ಷರಗಳು ಮಸುಕಾಗಿ ಕಂಡವು. ದಫೇದಾರ ಮೂಗಿನ ಹತ್ತಿರ ಹಿಡಿದು ನೋಡಿ, "ಇದೇನು ಅಕ್ಷರಾನೋ ಗೀಚೋ," ಎಂದು ತಲೆ ಕೊಡವಿದ. "ಸಾಹೇಬ್ರು ಬರೋವರ್ಗೂ ಎಲ್ಲಾ ಇಲ್ಲೇ ಇರ್ಬೇಕಾಗ್ತದೆ."

ಆಗ ಜಟಕಾದ ಕಡೆಯಿಂದ "ಕೊಡು" ಎಂದು ಕೇಳಿಸಿತು.

ಅಪ್ಪ ಕೈ ಚಾಚಿದ್ದ. ಎಡಗೈ. ದಫೇದಾರ ನನ್ನ ಮುಖ ನೋಡಿ, ಹೋಗಿ ಅಂಗೈಯಲ್ಲಿ ಆ ಬಿಲ್ಲೆಯನ್ನಿಟ್ಟ. ಅಪ್ಪ ಅದನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದ, ಕಣ್ಣು ಮುಚ್ಚಿ. ಆಮೇಲೆ ದಫೇದಾರನ ಕಂಕುಳಲ್ಲಿದ್ದ ಪುಸ್ತಕದ ಕಡೆ ಗದ್ದ ತೋರಿಸಿದ. ಅದನ್ನು ತೊಡೆಯ ಮೇಲೆ ಇಡಿಸಿಕೊಂಡು, ಹಿಂದಿನ ರಟ್ಟಿನ ಮೇಲೆ, ಸೀಸದ ಅಂಚಿನಿಂದ ಬರೆಯತೊಡಗಿದ. ಎಡಗೈಯಲ್ಲಿ. ಒಂದನೇ ತರಗತಿಯ ಮಗುವಿನ ಹಾಗೆ, ನಾಲಿಗೆ ಹೊರಗೆ ಹಾಕಿ. ಮೊದಲ ಅಕ್ಷರ ಮುಗ್ಗರಿಸಿತು. ಎರಡನೆಯದು ಬೆಟ್ಟ ಹತ್ತಿ ಇಳಿಯಿತು. ಮೂರನೆಯದಕ್ಕೆ ಅಡ್ಡಗೆರೆ ಎಳೆದು ಕೈ ಎತ್ತಿದಾಗ ಆತನ ಹಣೆಯಲ್ಲಿ ಬೆವರಿತ್ತು. ಸಾವಿರಾರು ಮೂಟೆಗಳ ಚೀಟಿಯ ಮೇಲೆ ಬಲಗೈ ಬರೆದಿದ್ದ, ಬಂಗಾರಪೇಟೆ ನಿಲ್ದಾಣದ ಮೂರಕ್ಷರ.

ದಫೇದಾರ ರಟ್ಟನ್ನೂ ಬಿಲ್ಲೆಯನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದ. ಬೂದು ಗೆರೆಯ ಮೇಲೆ ಬೆರಳಾಡಿಸಿ, ಬೆರಳನ್ನು ಅಂಗಿಗೆ ಒರೆಸಿಕೊಂಡ.

"ಸೀಸಾನೇ," ಎಂದ. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಮ್ಮಾ, ಈ ಊರಲ್ಲಿ ಇದ್ಕೊಂಡು, ಬೊಂಬಿಗೆ ಭಾರ ತುಂಬಿ ಅರಗು ಹಾಕೋ ಬುದ್ಧಿ ನಿಂಗ್ಯಾರು ಕೊಟ್ರು? ಕೋಲು ತಗೊಂಡೋಗ್ರಿ. ಇವು ಮಾತ್ರ ಸಾಹೇಬ್ರು ನೋಡೋವರ್ಗೂ ಇಲ್ಲಿರ್ಲಿ."

ಕೋಲು ಉಳಿಯಿತು. ಆದರೆ ಅದರೊಳಗಿದ್ದ ಬಲ ದಫೇದಾರನ ಮೇಜಿನ ಮೇಲೆ ಕೂತಿತ್ತು. ಕೋಲನ್ನು ಎತ್ತಿಕೊಂಡು ಜಟಕಾ ಹತ್ತಿರ ಹೋದೆ. ಅಪ್ಪ ಹಿಡಿದು ನೋಡಿದ. ತುದಿ ಮೆಲ್ಲಗೆ ಬಾಗಿ ಕುದುರೆಯ ಬೆನ್ನು ಮುಟ್ಟಿತು. ಆತ ನನ್ನನ್ನು ನೋಡಿದ. ತನ್ನ ಕೈಯ ಬಲವೆಂದುಕೊಂಡದ್ದು ಏನಾಗಿತ್ತೆಂದು ಈಗ ಗೊತ್ತಾಗಿತ್ತು. ಇನ್ನೇನು ಕೋಲನ್ನು ಹಿಂದಕ್ಕೆ ಕೊಟ್ಟು "ಮನೆಗೆ" ಎನ್ನುತ್ತಾನೆ ಎಂದು ಕಾದೆ.

ಅಪ್ಪ ಗದ್ದದಿಂದ ನನ್ನ ಸೊಂಟ ತೋರಿಸಿದ. ಬೀಗದ ಕೈ ಗೊಂಚಲು.

"ಕಟ್ಟು," ಎಂದ.

ಜಟಕಾದಲ್ಲಿದ್ದ ಗಾಳಗಳ ಚೀಲದಿಂದ ಕೆಂಪು ರೇಷ್ಮೆ ದಾರ ತೆಗೆದು ಗೊಂಚಲನ್ನು ಕೋಲಿನ ಬುಡಕ್ಕೆ ಸುತ್ತಿ ಕಟ್ಟಿದೆ. ಗಂಟು ಹಾಕಲಿಲ್ಲ, ಎಳೆದರೆ ಬಿಚ್ಚುವ ಹಾಗೆ ಕುಣಿಕೆ ಬಿಟ್ಟೆ. ಕೋಲು ಮತ್ತೆ ಮಟ್ಟಕ್ಕೆ ನಿಂತಿತು. ನಾನೂ ಬರಲೇ ಎಂದೆ. ಅಪ್ಪ ಬೇಡವೆಂದು ತಲೆಯಾಡಿಸಿದ. ಜಟಕಾ ಝಲ್ ಝಲ್ ಎನ್ನುತ್ತ ಹೋಯಿತು.

ಮನೆಯ ಮುಂದೆ ಬಂದು, ಅಭ್ಯಾಸದಂತೆ ಸೊಂಟಕ್ಕೆ ಕೈ ಹಾಕಿದೆ. ಅಷ್ಟು ಹೊತ್ತಿಗೆ ನಮ್ಮ ಮನೆಯ ಬೀಗದ ಕೈ ಬೂದಿಕೋಟೆ ರಸ್ತೆಯಲ್ಲಿತ್ತು.

ತಾಯಾರಮ್ಮ ನನ್ನನ್ನು ಕೂರಿಸಿಕೊಂಡು ಕಾಫಿ ಕೊಟ್ಟಳು. ಓಡಿದ್ದು ಯಾಕೆ ಎಂದು ಕೇಳಿದಳು. ಕೋಲಿನ ಸಾಮಾನು ಮರೆತಿದ್ದರು, ಕೊಟ್ಟು ಬಂದೆ ಎಂದೆ. ಪೂರ್ತಿ ಸುಳ್ಳಲ್ಲ. ಮುಂದೆ ಅವಳು ಕೆದಕಲಿಲ್ಲ, ಅವರೆಕಾಯಿಯ ಮೊರ ಮಧ್ಯೆ ಇಟ್ಟಳು. ನಾನು ಸುಲಿದೆ. ನಮ್ಮ ಅಡುಗೆಮನೆಯಲ್ಲಿ ಹಾಲು ಒಡೆಯುತ್ತಿರಬಹುದು ಎಂದುಕೊಂಡೆ. ನನ್ನ ಸುತ್ತು ಬಿಚ್ಚಿಕೊಂಡರೆ? ಕೀಲಿಗಳು ಕೆರೆಗೆ ಬಿದ್ದರೆ? ಅವೆಲ್ಲ ಹೋಗಲಿ, ಕೋಲು ಕೈಯಿಂದ ಜಾರಿ, ಅಪ್ಪ ಅದನ್ನು ನೋಡುತ್ತ ಶಾಲು ಹೊದ್ದುಕೊಂಡುಬಿಟ್ಟರೆ? ಎರಡು ಗಂಟೆಯ ಸಂಗು ಕೂಗಿತು. ಮೂರಾಯಿತು, ನಾಲ್ಕಾಯಿತು. ಅವರೆಕಾಳು ಎರಡು ಸೇರಿನಷ್ಟಾದವು. "ನಾಳೆಗೂ ನಾಡಿದ್ದಿಗೂ ನಮಗೆ ಇದೇ ಸಾರು," ಎಂದಳು ತಾಯಾರಮ್ಮ.

ಬಿಸಿಲು ಇಳಿದು ದಿಬ್ಬದ ಬಿಳಿ ಹುಡಿ ಕೆಂಪಗಾದ ಹೊತ್ತಿಗೆ ಜಟಕಾ ಬಂತು. ಮೊದಲು ನಮ್ಮವರು ಇಳಿದರು, ಕೈಯಲ್ಲಿ ಗೇಣುದ್ದದ ಒಂದೇ ಒಂದು ಗೆಂಡೆ ಮೀನು. ಮೀನನ್ನು ನನ್ನ ಕಡೆ ಎತ್ತಿ ತೋರಿಸಿದರು. ಅವರ ಭುಜ ಹಿಡಿದು ಅಪ್ಪ ಇಳಿದ. ಶಾಲನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡಿದ್ದ. ನಾನು ಏಳಲು ಹೋದೆ, ಮಡಿಲಲ್ಲಿದ್ದ ಸಿಪ್ಪೆಯೆಲ್ಲ ಚೆಲ್ಲಿತು. ಅಷ್ಟರಲ್ಲಿ ಆತ ನಮ್ಮ ಬಾಗಿಲ ಮುಂದೆ ನಿಂತಿದ್ದ. ಕೋಲನ್ನು ಗೋಡೆಗೆ ಒರಗಿಸಿ, ಎಡಗೈಯಿಂದ ರೇಷ್ಮೆಯ ತುದಿ ಹಿಡಿದು ಎಳೆದ. ಗೊಂಚಲು ಬಿಚ್ಚಿಕೊಂಡು ಅಂಗೈಗೆ ಬಿತ್ತು. ಕೀಲಿಗಳನ್ನು ಒಂದೊಂದಾಗಿ ಬೆರಳಲ್ಲಿ ತಳ್ಳಿ, ಸರಿಯಾದದ್ದನ್ನು ಹುಡುಕಿ, ಬೀಗಕ್ಕೆ ತೂರಿಸಿ ತಿರುಗಿಸಿದ. ಬಾಗಿಲು ತೆರೆದುಕೊಂಡಿತು.

ತಾಯಾರಮ್ಮ ಮೊರದಲ್ಲಿ ಕಾಳು ಕೇರುತ್ತ, ಅರ್ಧ ಗಮನದಲ್ಲಿ ಅತ್ತ ನೋಡಿದಳು.

"ನಿಮ್ಮಪ್ಪ ಚಿಕ್ಕಂದಿನಿಂದ್ಲೂ ಎಡಚರಾ ಸರೋಜಾ? ಇಷ್ಟು ದಿನ ನಾನು ಗಮನಿಸ್ಲೇ ಇಲ್ಲ, ನೋಡು."